ಹಲ್ಲು ಕೀಳಿಸಿದ ವಾರವೇ ಡ್ರಗ್ ಟೆಸ್ಟ್: ಅಮೆರಿಕದಲ್ಲಿ ಟ್ರಕ್ ಓಡಿಸುವವರಿಗೆ

ಎಲ್ಲರಿಗೂ ಮೊದಲ ಗಾಬರಿ ಮರಗಟ್ಟಿಸುವ ಇಂಜೆಕ್ಷನ್ನಿನದು. ಅದರಲ್ಲಿರುವ ಲಿಡೊಕೇನ್ ಹೆಸರಿನ ಬಾಲ ಕೊಕೇನ್‌ನಂತಿದೆ, ಅಷ್ಟೇ. ಮೂತ್ರದಲ್ಲಿ ಹುಡುಕುವುದು ಕೊಕೇನ್ ಒಡೆದು ಬರುವ ಬೆಂಜಾಯ್ಲ್‌ಎಕ್ಗೊನಿನ್. ಲಿಡೊಕೇನ್‌ನಿಂದ ಅದು ಹುಟ್ಟುವುದಿಲ್ಲ. ಸೋಂಕಿಗೆ ಕೊಡುವ ಆಂಟಿಬಯಾಟಿಕ್ ಅಮಾಕ್ಸಿಸಿಲಿನ್ ಟೆಸ್ಟ್‌ನಲ್ಲಿ ಹುಡುಕುವ ಔಷಧಿಗಳ ಪಟ್ಟಿಯಲ್ಲೇ ಇಲ್ಲ.

ತೊಡಕಿರುವುದು ನೋವಿನ ಮಾತ್ರೆಯಲ್ಲಿ. ಸಾರಿಗೆ ಇಲಾಖೆಯ ಪರೀಕ್ಷೆಗೆ 2018ರ ಜನವರಿಯಿಂದ ಹೈಡ್ರೊಕೊಡೋನ್, ಆಕ್ಸಿಕೊಡೋನ್ ಎಂಬ ಒಪಿಯಾಯ್ಡ್ (ಅಫೀಮಿನ ಜಾತಿಯ) ನೋವಿನ ಮಾತ್ರೆಗಳು ಸೇರಿವೆ. ಅದೇ ಜಾತಿಯ ಕೊಡೀನ್ ದೇಹದಲ್ಲಿ ಮಾರ್ಫಿನ್ ಆಗುವುದರಿಂದ ಎರಡೂ ಕಾಣಿಸಬಹುದು. ಹಾಗಾಗಿ ದಂತವೈದ್ಯರಿಗೆ ಮೊದಲೇ ಹೇಳಿ ಐಬುಪ್ರೊಫೆನ್ 400 ಮಿ.ಗ್ರಾಂ., ಜೊತೆಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಸಾಕೇ ಎಂದು ಕೇಳಿದೆ. ಸಮಸ್ಯೆ ಅಲ್ಲಿಗೇ ಮುಗಿಯಿತು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಐಬುಪ್ರೊಫೆನ್ ಆಗದು.

ಒಪಿಯಾಯ್ಡ್ ಬೇಕೇ ಆದರೆ ನಿಮ್ಮದೇ ಹೆಸರಿನ ಔಷಧಿ ಚೀಟಿ, ಬಾಟಲಿಯ ಲೇಬಲ್ ಎರಡನ್ನೂ ಜೋಪಾನ ಮಾಡಿ. ಮನೆಯವರ ಹಳೇ ಮಾತ್ರೆ ಮುಟ್ಟಲೇಬೇಡಿ, ಅದಕ್ಕೆ ಸಮಜಾಯಿಷಿ ಇಲ್ಲ. ಮಾದರಿ ಕೊಡುವಲ್ಲಿ ಔಷಧಿ ಪಟ್ಟಿ ಒಪ್ಪಿಸಬೇಕಿಲ್ಲ. ಅಲ್ಲಿ ತುಂಬುವ ಟೆಸ್ಟ್ ಫಾರಂನ ನಿಮ್ಮ ಪ್ರತಿಯ ಹಿಂದೆ ನೆನಪಿಗೆ ಬರೆದಿಟ್ಟುಕೊಳ್ಳಿ. ಪಾಸಿಟಿವ್ ಬಂದರೆ ಲ್ಯಾಬ್ ಫಲಿತಾಂಶ ನೋಡುವ ಪರಿಶೀಲನಾ ವೈದ್ಯರೇ ಫೋನ್ ಮಾಡುತ್ತಾರೆ. ಗೊತ್ತಿಲ್ಲದ ನಂಬರ್ ಎಂದು ಕಟ್ ಮಾಡಿ ಕೆಟ್ಟವರೇ ಹೆಚ್ಚು: ಆ ವೈದ್ಯರ ಜೊತೆ ಮಾತಾಡಿ ಎಂದು ಕಂಪನಿ ತಿಳಿಸಿದ ಮೇಲೂ 72 ಗಂಟೆಯೊಳಗೆ ಮಾತಾಡದಿದ್ದರೆ ನಿಮ್ಮನ್ನು ಕೇಳದೆಯೇ ಪಾಸಿಟಿವ್ ಎಂದು ಖಚಿತಪಡಿಸಬಹುದು.

ಭಯ ಇಳಿಸಲು ಕೊಡುವ ಡಯಾಜೆಪಾಮ್ ಸಾರಿಗೆ ಇಲಾಖೆಯ ಪಟ್ಟಿಯಲ್ಲಿಲ್ಲ, ಆದರೆ ಖಾಸಗಿ ಕಂಪನಿಗಳ ದೊಡ್ಡ ಪ್ಯಾನೆಲ್‌ಗಳಲ್ಲಿ (ಹೆಚ್ಚು ಔಷಧಿ ಹುಡುಕುವ ಟೆಸ್ಟ್‌ಗಳಲ್ಲಿ) ಸಾಮಾನ್ಯವಾಗಿ ಇರುತ್ತದೆ. ಚೀಟಿ ಸರಿಯಿದ್ದು ಫಲಿತಾಂಶ ನೆಗೆಟಿವ್ ಆದರೂ, ಮಂಪರಿನ ಮಾತ್ರೆ ನುಂಗಿ ಸ್ಟೀರಿಂಗ್ ಹಿಡಿಯುವುದು ಅಪಾಯವೆನಿಸಿದರೆ ಪರಿಶೀಲನಾ ವೈದ್ಯರು ಕಂಪನಿಗೆ ತಿಳಿಸಬಹುದು.