ಬೆಂಕಿಯಿಂದ ತಣಿಯುವ ಫ್ರಿಜ್, ಬ್ಯಾಟರಿಯಲ್ಲಿ ತಿರುಗುವ ಮಿಕ್ಸಿ

ನಮ್ಮ ಮೋಟರ್‌ಹೋಮ್, ಎಂದರೆ ಮನೆಯಂತೆ ಸಜ್ಜಾದ ಗಾಡಿ, ನೋಡಲು ಬರುವ ಕನ್ನಡದ ಸ್ನೇಹಿತರು ಎಂಜಿನ್ ಬಗ್ಗೆ ಕೇಳುವುದು ಕಡಿಮೆ. ದೋಸೆ ಹಿಟ್ಟು ಎಲ್ಲಿ ರುಬ್ಬುತ್ತೀರಿ ಎಂದು ಮೊದಲು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ನಾವಿರುವುದು ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ. ರಜೆ ಸಿಕ್ಕಾಗಲೆಲ್ಲ ಗ್ರ್ಯಾಂಡ್ ಕ್ಯಾನಿಯನ್‌ಗೋ ಯೂಟಾದ ಬ್ರೈಸ್ ಕ್ಯಾನಿಯನ್‌ಗೋ ಹೊರಡುತ್ತೇವೆ, ಅಡುಗೆಮನೆಯೂ ಜೊತೆಗೆ ಬರುತ್ತದೆ. ಅದನ್ನು ನಡೆಸಲು ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಬಿಸಿ ಮಾಡುವ ಕೆಲಸ ಗ್ಯಾಸಿಗೆ, ತಿರುಗುವ ಕೆಲಸ ಬ್ಯಾಟರಿಗೆ.

ಲೆಕ್ಕ ಹಾಕಿ ನೋಡಿ. ನಮ್ಮ ಮಿಕ್ಸಿ 750 ವಾಟಿನದು, ಇಲ್ಲಿನ 110 ವೋಲ್ಟಿಗೆಂದೇ ತಯಾರಾದದ್ದು. 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಅದು ಸುಮಾರು 70 ಆಂಪ್ ಎಳೆಯುತ್ತದೆ. ಕೇಳಿದರೆ ಗಾಬರಿಯಾಗುವಷ್ಟಿದೆ, ಆದರೆ ನಮ್ಮಿಬ್ಬರಿಗೆ ಸಾಕಾಗುವ ಅಕ್ಕಿ, ಉದ್ದಿನಬೇಳೆ ನುಣ್ಣಗಾಗಲು ಹತ್ತು ನಿಮಿಷ ಸಾಕು. ಬ್ಯಾಟರಿಯಿಂದ ಹೋಗುವುದು 12 ಆಂಪ್-ಅವರ್ ಮಾತ್ರ. ಅದೇ 1,000 ವಾಟಿನ ಎಲೆಕ್ಟ್ರಿಕ್ ಕುಕ್ಕರ್ ಅರ್ಧ ಗಂಟೆ ಬಿಡದೆ ಉರಿದರೆ 45 ಆಂಪ್-ಅವರ್ ಖಾಲಿ. 100 ಆಂಪ್-ಅವರ್‌ನ ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದು ಬಹಳ ಕಾಲ ಬಾಳುವುದಿಲ್ಲ. ಹಾಗಾಗಿ ಒಂದು ಹೊತ್ತಿನ ಅನ್ನಕ್ಕೇ ಬ್ಯಾಟರಿಯ ಪಾಲು ಮುಗಿದಂತೆ. ಆದ್ದರಿಂದ ಅನ್ನ, ಬೇಳೆ ಎರಡೂ ಗ್ಯಾಸ್ ಒಲೆಯ ಮೇಲೆ, ಸೀಟಿ ಹೊಡೆಯುವ ಕುಕ್ಕರಿನಲ್ಲಿಯೇ. ಬ್ರೈಸ್‌ನ 8,000 ಅಡಿ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದನ್ನು ಕಾಯಲು ಅಸಾಧ್ಯ ತಾಳ್ಮೆ ಬೇಕು. ಇನ್ವರ್ಟರ್ ಕೊಳ್ಳುವವರು ಪ್ಯೂರ್ ಸೈನ್ ವೇವ್, ಎಂದರೆ ಮನೆಯ ಕರೆಂಟಿನಂತೆ ನಯವಾದ ಅಲೆಯ ವಿದ್ಯುತ್ ಕೊಡುವುದನ್ನೇ ಕೊಳ್ಳಿ. ಅಗ್ಗದ ಇನ್ವರ್ಟರುಗಳಲ್ಲಿ ಮೋಟರು ಗುಂಯ್‌ಗುಡುತ್ತದೆ, ಬೇಗ ಕಾಯುತ್ತದೆ.

ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟು ಸಿಕ್ಕ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. 30 ಆಂಪ್ ಸಂಪರ್ಕ ಎಂದರೆ 120 ವೋಲ್ಟಿನಲ್ಲಿ 3,600 ವಾಟ್. ಎ.ಸಿ.ಗೆ ಸುಮಾರು 1,500, ಗೀಸರಿನ ವಿದ್ಯುತ್ ಕಾಯಿಲ್‌ಗೆ 1,400. ಅವೆರಡೂ ನಡೆಯುವಾಗ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬೀಳಲೇಬೇಕು. ಬೇಸಿಗೆಯಲ್ಲಿ ನಮ್ಮ ಗೀಸರ್ ಗ್ಯಾಸಿನಲ್ಲೇ ಉರಿಯುತ್ತದೆ.

ಇನ್ನು ಫ್ರಿಜ್. ಈ ಗಾಡಿಯಲ್ಲಿ ನನಗೆ ಅತ್ಯಂತ ಪ್ರೀತಿಯ ಯಂತ್ರ ಇದು. ಮನೆಯ ಫ್ರಿಜ್ಜಿನಂತೆ ಇದರಲ್ಲಿ ಕಂಪ್ರೆಸರ್ ಇಲ್ಲ, ಸದ್ದೂ ಇಲ್ಲ. ಹಿಂಬದಿಯಲ್ಲಿ ಒಂದು ಪುಟ್ಟ ಜ್ವಾಲೆ ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ ತುಂಬಿದ ಕೊಳವೆಯಲ್ಲಿ ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟೆರ್ಸ್, 1922ರಲ್ಲಿ ಕಂಡುಹಿಡಿದ ವಿಧಾನವಿದು. ದ್ರವ ಕೆಳಗಿಳಿಯುವುದು ಗುರುತ್ವದಿಂದ ಮಾತ್ರ. ಅದಕ್ಕೇ ಗಾಡಿ ವಾಲಿ ನಿಂತರೆ ದ್ರವ ಅಲ್ಲಲ್ಲೇ ನಿಂತುಬಿಡುತ್ತದೆ, ಬಾಯ್ಲರ್ ಅತಿಯಾಗಿ ಕಾಯುತ್ತದೆ, ತುಕ್ಕು ತಡೆಯಲು ಹಾಕಿರುವ ರಾಸಾಯನಿಕ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡ ಘಟಕ ಸರಿಹೋಗುವುದಿಲ್ಲ, ಬದಲಿಸಬೇಕಾಗುತ್ತದೆ. ಓಡುವಾಗ ದ್ರವ ಅಲುಗಾಡುತ್ತಿರುವುದರಿಂದ ಈ ಭಯವಿಲ್ಲ, ನಿಂತಾಗಲೇ ಎಚ್ಚರ ಬೇಕು. ಫ್ರೀಜರಿನೊಳಗೆ ರಸಮಟ್ಟ ಇಟ್ಟು ನೋಡಿ, ಚಕ್ರದಡಿ ಹಲಗೆ ಕೊಟ್ಟು ಗಾಡಿಯನ್ನು ಸಮ ಮಾಡಿದ ಮೇಲೆಯೇ ನಮ್ಮ ಮನೆಯಲ್ಲಿ ಕಾಫಿ.

ಇದು ತಣ್ಣಗಾಗಲು ರಾತ್ರಿಯಿಡೀ ಬೇಕು. ಹೊರಡುವ ಹಿಂದಿನ ಸಂಜೆಯೇ ಹಚ್ಚಿ, ಮನೆಯ ಫ್ರಿಜ್ಜಿನಲ್ಲಿ ತಣಿದ ಸಾಮಾನನ್ನೇ ಬೆಳಗ್ಗೆ ಜೋಡಿಸುತ್ತೇನೆ. ಬಿಸಿ ಸಾರು ಒಳಗಿಟ್ಟರೆ ಅದು ಚೇತರಿಸಿಕೊಳ್ಳಲು ಗಂಟೆಗಟ್ಟಲೆ ಹಿಡಿಯುತ್ತದೆ. ಫೀನಿಕ್ಸ್‌ನಲ್ಲಿ ಹೊರಗೆ 45 ಡಿಗ್ರಿ ಇರುವಾಗ ಹಿಂಬದಿಯ ಬಿಸಿಗಾಳಿ ತಾನಾಗಿ ಸಾಕಷ್ಟು ಮೇಲೇರಿ ಹೋಗುವುದಿಲ್ಲ. ಅಲ್ಲಿ ಕಂಪ್ಯೂಟರಿನದೊಂದು ಪುಟ್ಟ 12 ವೋಲ್ಟ್ ಫ್ಯಾನ್ ಕೂರಿಸಿದ್ದೇನೆ, ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. 5,500 ಅಡಿ ದಾಟಿದ ಮೇಲೆ ಗಾಳಿ ತೆಳುವಾಗಿ ಜ್ವಾಲೆ ಆರುವ ಸಾಧ್ಯತೆ ಇರುತ್ತದೆ. ಹಾಗಾದಾಗ, ಕರೆಂಟು ಸಿಗುವ ಕಡೆ ಫ್ರಿಜ್ಜನ್ನು ವಿದ್ಯುತ್ತಿಗೆ ಬದಲಿಸುತ್ತೇನೆ.

ಹೊರಗಿನ ಮುಚ್ಚಳ ತೆಗೆದರೆ ಬರ್ನರ್ ಕಾಣುತ್ತದೆ. ಜ್ವಾಲೆ ನೀಲಿಯಾಗಿ, ಅಲುಗದೆ ನಿಂತಿರಬೇಕು. ಹಳದಿ ತುದಿ ಕಂಡರೆ ಮೇಲಿನ ಚಿಮಣಿಯಿಂದ ತುಕ್ಕಿನ ಚೂರು ಉದುರಿದೆ, ಇಲ್ಲವೇ ಜೇಡ ಬಲೆ ಕಟ್ಟಿದೆ ಎಂದರ್ಥ. ಗ್ಯಾಸ್ ಬಂದ್ ಮಾಡಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಗಾಳಿ ಊದಿದರೆ ಸಾಕು. ಗ್ಯಾಸ್ ಬರುವ ಸಣ್ಣ ತೂತಿಗೆ ಸೂಜಿ ತೂರಿಸಲೇಬಾರದು, ಕೂದಲೆಳೆಯಷ್ಟು ಅಗಲವಾದರೂ ಜ್ವಾಲೆಯ ಅಳತೆ ಕೆಡುತ್ತದೆ. ಅಮೋನಿಯಾದ ಕಟು ವಾಸನೆ ಬಂದರೆ, ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ, ಫ್ರಿಜ್ ಆರಿಸಿ ಕಿಟಕಿ ತೆರೆದು ಹೊರಗೆ ಬನ್ನಿ. ಆ ಕೆಲಸ ತಂತ್ರಜ್ಞರದು.

ಗ್ಯಾಸ್ ಬಗ್ಗೆ ಇನ್ನೊಂದು ಮಾತು. ಭಾರತದ ನಮ್ಮೂರಿನ ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯುಟೇನ್ ಎರಡರ ಮಿಶ್ರಣ. ಬ್ಯುಟೇನ್ ಸೊನ್ನೆ ಡಿಗ್ರಿಯ ಸುತ್ತಮುತ್ತ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಇಲ್ಲಿ ತುಂಬಿಸುವ ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ, ಹಿಮ ಬಿದ್ದ ಬೆಳಗ್ಗೆಯೂ ಒಲೆ ಹತ್ತುತ್ತದೆ. ಒಲೆ ಉರಿಯುವಷ್ಟು ಹೊತ್ತೂ ಚಾವಣಿಯ ಗವಾಕ್ಷಿ, ಒಂದು ಕಿಟಕಿ ತೆರೆದಿರಬೇಕು. ಎಷ್ಟೇ ಚಳಿಯಿದ್ದರೂ ಒಲೆಯಿಂದ ಮೈ ಕಾಯಿಸಿಕೊಳ್ಳಬೇಡಿ, ಉರಿಯುವಾಗ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಅದರ ಅಲಾರಂ, ನೆಲದ ಹತ್ತಿರವಿರುವ ಗ್ಯಾಸ್ ಅಲಾರಂ ಎರಡಕ್ಕೂ ಅವಧಿ ಮುಗಿಯುವ ದಿನಾಂಕ ಇರುತ್ತದೆ, ಬಿಚ್ಚಿ ಹಿಂಬದಿ ಓದಿ. ರೂಮ್ ಹೀಟರ್ ಗ್ಯಾಸಿನದೇ ಆದರೂ ಅದರ ಫ್ಯಾನ್ ಬ್ಯಾಟರಿಯದು. ಬ್ಯಾಟರಿ ಇಳಿದರೆ ತುಂಬಿದ ಸಿಲಿಂಡರ್ ಇದ್ದೂ ರಾತ್ರಿಯೆಲ್ಲ ನಡುಗಬೇಕು.

ವರ್ಷಕ್ಕೊಮ್ಮೆ ನಾನು ತಪ್ಪದೆ ಮಾಡುವ ಕೆಲಸ ಗೀಸರಿನದು. ನಮ್ಮದು ಆರು ಗ್ಯಾಲನ್, ಎಂದರೆ ಸುಮಾರು 23 ಲೀಟರಿನ ಉಕ್ಕಿನ ಟ್ಯಾಂಕ್. ಅದರೊಳಗೆ ಮೆಗ್ನೀಸಿಯಂನ ಆನೋಡ್ ಸರಳು ಇದೆ. ನೀರು ಉಕ್ಕನ್ನು ತಿನ್ನುವ ಬದಲು ಆ ಸರಳನ್ನು ತಿನ್ನಲಿ ಎಂದೇ ಅದನ್ನು ಇಟ್ಟಿರುವುದು. ಗ್ಯಾಸ್, ಕರೆಂಟು ಎರಡೂ ಆರಿಸಿ, ನೀರು ಪೂರ್ತಿ ತಣಿಯಲು ಬಿಟ್ಟು, ಪಂಪು ನಿಲ್ಲಿಸಿ, ಪ್ರೆಷರ್ ವಾಲ್ವ್ ಎತ್ತಿ ಒತ್ತಡ ಕಳೆದ ಮೇಲೆ ಸರಳನ್ನು ಬಿಚ್ಚುತ್ತೇನೆ. ಹೊಸತಾಗಿದ್ದಾಗ ಹೆಬ್ಬೆರಳಿನಷ್ಟು ದಪ್ಪವಿದ್ದದ್ದು ಗುಂಡಿಬಿದ್ದು, ಬಿಳಿ ಸುಣ್ಣ ಮೆತ್ತಿಕೊಂಡು ಹೊರಬರುತ್ತದೆ. ಮುಕ್ಕಾಲು ಪಾಲು ಸವೆದಿದ್ದರೆ ಬದಲಿಸುತ್ತೇನೆ. ಅರಿಜೋನಾದ ಗಡಸು ನೀರಿನಿಂದಾಗಿ ಟ್ಯಾಂಕಿನ ತಳದಲ್ಲೂ ಸುಣ್ಣದ ಹೊಪ್ಪಳೆಗಳು ನಿಂತಿರುತ್ತವೆ. ಉದ್ದನೆಯ ಕೊಳವೆ ತೂರಿಸಿ, ತಿಳಿ ನೀರು ಬರುವವರೆಗೂ ತೊಳೆಯುತ್ತೇನೆ. ಹೊಸ ಸರಳಿನ ತಿರುಪಿನ ಸುತ್ತುಗಳಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿ, ನೀರು ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತು ಧಾರೆ ಒಂದೇ ಸಮನೆ ಬಂದ ಮೇಲೆಯೇ ಸ್ವಿಚ್ ಹಾಕುತ್ತೇನೆ. ಒಣ ಟ್ಯಾಂಕಿಗೆ ಕರೆಂಟು ಕೊಟ್ಟರೆ ಕಾಯಿಲ್ ನೋಡನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ.