ನಾಲ್ಕನೇ ದಿನದ ಕಾಲು: ಕೊನೆಯ ಟಿಟಿಯಲ್ಲಿ ಕಡೆಗೂ ಕೂಡಿಬಂದ ನನ್ನ ಲೆಕ್ಕ

ನಾಲ್ಕು ದಿನದ ಸೈಕಲ್ ರೇಸ್. ಕೊನೆಯ ದಿನ 24 ಕಿಲೋಮೀಟರ್ ಟಿಟಿ, ಅಂದರೆ ಟೈಮ್ ಟ್ರಯಲ್, ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದ ವಿರುದ್ಧ ಓಡಿಸುವುದು: 12 ಹೋಗಬೇಕು, 12 ವಾಪಸ್ ಬರಬೇಕು. ಮೂರು ವರ್ಷ ಅಲ್ಲೇ ಸೋತೆ. ಈ ಜನವರಿಯಲ್ಲಿ ಜಿಸಿಯಲ್ಲಿ, ಅಂದರೆ ಎಲ್ಲ ದಿನಗಳ ಒಟ್ಟು ಸಮಯದ ಪಟ್ಟಿಯಲ್ಲಿ, ಆರನೆಯವನಾಗಿ ಹೊರಟು ಮೂರನೆಯವನಾಗಿ ಮುಗಿಸಿದೆ. ಹೊರಡುವಾಗ ಮೂರನೇ ಸ್ಥಾನದವನಿಗಿಂತ 48 ಸೆಕೆಂಡ್ ಹಿಂದಿದ್ದೆ, ಮುಗಿದಾಗ 7 ಸೆಕೆಂಡ್ ಮುಂದಿದ್ದೆ. ನನಗೀಗ 43. ಆ ದಿನ ನನ್ನ ಹಿಂದೆ ಉಳಿದವರಲ್ಲಿ ನನ್ನ ಅರ್ಧ ವಯಸ್ಸಿನವರೂ ಇದ್ದರು, ಐದು ಲಕ್ಷದ ಸೈಕಲ್ ಹತ್ತಿದವರೂ ಇದ್ದರು.

ಮೊದಲನೇ ವರ್ಷದ ತಪ್ಪು ಎಲ್ಲರೂ ಮಾಡುವಂಥದ್ದೇ. ಮನೆಯಲ್ಲಿ ತಾಜಾ ಕಾಲಿನಲ್ಲಿ, ಎಷ್ಟು ಜೋರಾಗಿ ಬಿಡದೆ ತುಳಿಯಬಲ್ಲೆ ಅನ್ನುವ ಟೆಸ್ಟ್ ಮಾಡಿದ್ದೆ, 268 ವ್ಯಾಟ್ ಬಂದಿತ್ತು. ಅದನ್ನೇ ನಂಬಿ ರ‍್ಯಾಂಪಿನಿಂದ ಇಳಿದವನು ಮೊದಲ ನಾಲ್ಕು ನಿಮಿಷ 310ರ ಹತ್ತಿರ ಹೊಡೆದೆ. ಯು ಟರ್ನ್ ಮುಟ್ಟುವಷ್ಟರಲ್ಲಿ 200 ಹಿಡಿಯಲೂ ಆಗಲಿಲ್ಲ. ಐದರಿಂದ ಹನ್ನೊಂದಕ್ಕೆ ಬಿದ್ದೆ.

ಎರಡನೇ ವರ್ಷ ದುಡ್ಡು ಸುರಿದೆ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಡಿಸ್ಕ್ ವೀಲ್, ಕಡ್ಡಿ ಕಾಣದಂತೆ ತಟ್ಟೆಯ ಹಾಗೆ ಮುಚ್ಚಿದ ಚಕ್ರ, 58 ಸಾವಿರ. ರೇಸಿನ ಬೆಳಿಗ್ಗೆ ಪಂಪಿನ ಬಾಯಿ ಡಿಸ್ಕಿನ ವಾಲ್ವ್ ಕಿಂಡಿಯೊಳಗೆ ಹೋಗಲಿಲ್ಲ. ಅದಕ್ಕೊಂದು ಸೊಟ್ಟ ಅಡಾಪ್ಟರ್ ಬೇಕು, ಐನೂರು ರೂಪಾಯಿಯದು, ನನ್ನ ಹತ್ತಿರ ಇರಲಿಲ್ಲ. ಅರ್ಧಂಬರ್ಧ ಗಾಳಿಯಲ್ಲೇ ಹೊರಟೆ. ಆ ಚಕ್ರ ಆಮೇಲೆ 40 ಸಾವಿರಕ್ಕೆ ಹೋಯಿತು. ಮೂರನೇ ವರ್ಷ ಹ್ಯಾಂಡಲ್ ಮೂರು ಸೆಂಟಿಮೀಟರ್ ಇಳಿಸಿದೆ. ಫೋಟೋದಲ್ಲಿ ಚೆಂದ ಕಂಡೆ. ಮೂರು ದಿನ ಓಡಿ ಬಿಗಿದುಕೊಂಡ ಸೊಂಟ ಆ ಭಂಗಿಯಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ, ಎದ್ದು ಕೂತು ತುಳಿದೆ. ಎದ್ದು ಕೂತಮೇಲೆ, ಮೊಣಕೈ ಊರಿ ಬಗ್ಗಿ ಕೂರುವ ಏರೋ ಬಾರ್ ಇದ್ದೇನು ಪ್ರಯೋಜನ?

ಆಗ ಕೂತು ಯೋಚಿಸಿದೆ. 2020ರ ಟೂರ್ ದ ಫ್ರಾನ್ಸ್‌ನ 20ನೇ ಹಂತ ನೆನಪಿದೆಯಲ್ಲ, ಲಾ ಪ್ಲಾಂಶ್ ದೆ ಬೆಲ್ ಫೀಯ್ ಬೆಟ್ಟದ ಟಿಟಿ? ಒಟ್ಟು ಸಮಯದಲ್ಲಿ 57 ಸೆಕೆಂಡ್ ಹಿಂದಿದ್ದ ಪೊಗಾಚಾರ್, ಮುಂದಿದ್ದ ರೋಗ್ಲಿಚ್‌ಗಿಂತ 1 ನಿಮಿಷ 56 ಸೆಕೆಂಡ್ ಬೇಗ ಮುಗಿಸಿ ಮೊದಲ ಸ್ಥಾನದವನ ಹಳದಿ ಜರ್ಸಿ ಕಿತ್ತುಕೊಂಡ. ಆ ದಿನ ಎರಡನೆಯವನಾದ ಡ್ಯುಮೊಲಾನ್ ಟಿಟಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು, ಅವನೂ 1 ನಿಮಿಷ 21 ಸೆಕೆಂಡ್ ಹಿಂದೆ. ಮೂರು ವಾರ ಓಡಿದ ಮೇಲೆ ಯಾರ ಕಾಲಲ್ಲಿ ಎಷ್ಟು ಉಳಿದಿದೆ ಅನ್ನುವುದೇ ಅಲ್ಲಿ ಆಟ. ನಾನೋ, ಒಂದನೇ ದಿನದ ಕಾಲನ್ನು ಅಳೆದು ನಾಲ್ಕನೇ ದಿನದ ರೇಸ್ ಓಡುತ್ತಿದ್ದೆ.

ಹಾಗಾಗಿ ನವೆಂಬರಿನಲ್ಲಿ ಒಂದು ಸಲ, ಡಿಸೆಂಬರಿನಲ್ಲಿ ಒಂದು ಸಲ, ಮೂರು ದಿನ ಬಿಡದೆ ಮೂರು ಮೂರು ತಾಸು ಗಟ್ಟಿಯಾಗಿ ಓಡಿ, ನಾಲ್ಕನೇ ದಿನ ಬೆಳಿಗ್ಗೆ ಟೆಸ್ಟ್ ಮಾಡಿದೆ. 268 ಇದ್ದದ್ದು 244ಕ್ಕೆ ಬಂತು. ಎರಡು ಸಲವೂ ಹೆಚ್ಚುಕಡಿಮೆ ಅಷ್ಟೇ. ಅದೇ ನನ್ನ ಅಸಲಿ ನಂಬರ್. ಹ್ಯಾಂಡಲನ್ನೂ ಅದೇ ದಣಿದ ಸೊಂಟದ ಮೇಲೆ ಹೊಂದಿಸಿದೆ. ಮೊಣಕೈ ಪ್ಯಾಡ್ ಕೆಳಗೆ ಎತ್ತರಿಸುವ ಸ್ಪೇಸರ್ ಹಾಕಿ ಕೈ ಎತ್ತರಿಸಿ, ತಲೆಯನ್ನು ಭುಜಗಳ ನಡುವೆ ಇಳಿಸಿದೆ. ನಲವತ್ತು ನಿಮಿಷ ಅಲುಗದೆ ಕೂರಲು ಆಯಿತು.

ಆ 244ನ್ನು ಹಂಚುವುದು ಹೇಗೆ ಅನ್ನುವಲ್ಲೇ ಎಲ್ಲರೂ ತಕರಾರು ತೆಗೆದರು. ಎದುರುಗಾಳಿಯಲ್ಲಿ ಹೆಚ್ಚು, ಬೆನ್ನುಗಾಳಿಯಲ್ಲಿ ಕಡಿಮೆ ಅಂದೆ. ಎದುರುಗಾಳಿಯ ಭಾಗದಲ್ಲೇ ನಾವು ಹೆಚ್ಚು ಹೊತ್ತು ಇರುತ್ತೇವೆ, ಅಲ್ಲಿ ಹಾಕಿದ ವ್ಯಾಟ್ ಹೆಚ್ಚು ಸೆಕೆಂಡ್ ತಂದುಕೊಡುತ್ತದೆ. ಹಾಸ್ಟೆಲ್ ಕಾಲದ ನಮ್ಮ ಕೋಚ್ ಸರ್ ಒಪ್ಪಲೇ ಇಲ್ಲ. "ತಮ್ಮಾ, ಟಿಟಿ ಅಂದ್ರ ಜೀವ ಗಂಟಲಿಗೆ ಬರೂತನಕ ಹೊಡೀಬೇಕು. ಲೆಕ್ಕಾ ಹಾಕ್ಕೋತ ಕುಂಡ್ರಾಕ ಅದೇನು ಕಿರಾಣಿ ಅಂಗಡಿ ಏನು?" ಅಂದರು. ಮೆಕ್ಯಾನಿಕ್ ಹುಡುಗನದು ಬೇರೆ ಹೆದರಿಕೆ: "ಅಣ್ಣಾ, ಹೋಗೂಮುಂದ ಖಾಲಿ ಮಾಡ್ಕೊಂಡ್ರ ಬರೂಮುಂದ ಏನ್ ಮಾಡ್ತಿ?"

ಜಮಖಂಡಿ ಕಡೆಯ ಬಯಲು ರಸ್ತೆಯಲ್ಲಿ ಹನ್ನೊಂದು ಸಲ ಇದನ್ನು ಓಡಿ ನೋಡಿದೆ. ಕಬ್ಬಿನ ಸೀಸನ್, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ. ಬಿದ್ದ ಕಬ್ಬಿನ ಗರಿ ಗೇರ್ ಬದಲಿಸುವ ಡಿರೈಲರ್‌ಗೆ ಸುತ್ತಿಕೊಂಡು ಎರಡು ದಿನ ಟೆಸ್ಟೇ ಕೆಟ್ಟಿತು. ಗಾಳಿ ಎಷ್ಟಿದೆ ಅಂತ ಜೋಳದ ಹೊಲ ನೋಡಿದರೆ ಸಾಕು, ತೆನೆ ವಾಲುವ ರೀತಿಯೇ ಹೇಳುತ್ತದೆ. ಒಂದೇ ಸಮ ತುಳಿದ ದಿನಕ್ಕಿಂತ ಹಂಚಿ ತುಳಿದ ದಿನ 15ರಿಂದ 20 ಸೆಕೆಂಡ್ ಉಳಿಯಿತು. ಗಾಳಿ ಇಲ್ಲದ ದಿನ ಏನೂ ಉಳಿಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಡುವೆ ಚೈನಿನ ಹುಚ್ಚು ಹತ್ತಿತು: ಎಣ್ಣೆಯ ಬದಲು ಕರಗಿಸಿದ ಮೇಣದಲ್ಲಿ ಅದ್ದಿದರೆ ಉಜ್ಜಾಟ ಕಡಿಮೆ. ಪ್ಯಾರಾಫಿನ್ ಮೇಣ ಕಿಲೋಗೆ ಇನ್ನೂರು ಚಿಲ್ಲರೆ, ಹಳೆಯ ರೈಸ್ ಕುಕ್ಕರ್ ಒಂದು ಇತ್ತು. ಮೊದಲ ಸಲ ಫ್ಯಾಕ್ಟರಿ ಗ್ರೀಸ್ ಪೂರ್ತಿ ತೆಗೆಯದೆ ಅದ್ದಿದೆ, ಮೇಣ ಹಿಡಿಯಲಿಲ್ಲ. ಪೆಟ್ರೋಲಿನಲ್ಲಿ ಮೂರು ಸಲ ತೊಳೆದ ಮೇಲೆ ಕೂತಿತು. ನಿಂತಲ್ಲೇ ತುಳಿಯುವ ರೋಲರ್ ಮೇಲೆ ಅದೇ ವೇಗಕ್ಕೆ ನಾಲ್ಕೈದು ವ್ಯಾಟ್ ಕಡಿಮೆ ಕಂಡಿತು. ಮೇಣಕ್ಕೆ ಇನ್ನೊಂದು ಪುಡಿ ಬೆರೆಸುತ್ತೇನೆ; ಯಾವುದು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಮುಂದಿನ ವರ್ಷವೂ ನಾನು ಓಡಬೇಕಿದೆ. ಮೈಗೆ ಅಂಟಿದಂತಿರುವ ರೇಸ್ ಉಡುಪು ಸ್ಕಿನ್‌ಸೂಟನ್ನು ಟೈಲರ್ ಹತ್ತಿರ ಹೊಲಿಸಿದ್ದು ಮಾತ್ರ ದಂಡ, 1,800 ರೂಪಾಯಿ ಹೋಯಿತು. ಭುಜದ ಹತ್ತಿರ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಆರು ಸಾವಿರ ಕೊಟ್ಟು ರೆಡಿಮೇಡ್ ತಂದೆ. ಎದೆ ನಂಬರನ್ನು ಪಿನ್ ಹಾಕದೆ ಸ್ಪ್ರೇ ಅಂಟಿನಲ್ಲಿ ಅಂಟಿಸಿದೆ. ಎಲ್ಲ ಸೇರಿ ಈ ವರ್ಷದ ಖರ್ಚು ಒಂಬತ್ತು ಸಾವಿರ ದಾಟಿಲ್ಲ.

ಟಿಟಿ ಶುರುವಾಗುವುದು ಹಿಂದಿನ ದಿನ. ಮೂರನೇ ಹಂತದಲ್ಲಿ ಬಂಚಿನ, ಅಂದರೆ ಒಟ್ಟಾಗಿ ಓಡುವ ಗುಂಪಿನ, ಒಳಗೇ ಅಡಗಿ ಕೂತೆ, ಒಂದು ಅಟ್ಯಾಕಿಗೂ ಹೋಗಲಿಲ್ಲ, ಸ್ಪ್ರಿಂಟ್ ಮುಟ್ಟಲಿಲ್ಲ. ತಾಸಿಗೆ 70 ಗ್ರಾಂ ಲೆಕ್ಕದಲ್ಲಿ ಸಕ್ಕರೆ, ಜೊತೆಗೆ ಉಪ್ಪು, ನಿಂಬೆ ಬಾಟಲಿಯಲ್ಲಿ. ಹಿಂದೆ ಬೆಲ್ಲದ ಪಾನಕ ಒಯ್ದು ನೋಡಿದ್ದೆ, ಬಿಸಿಲಿಗೆ ಮೂರನೇ ತಾಸಿನಲ್ಲಿ ಹುಳಿ ವಾಸನೆ ಬಂದು ಚೆಲ್ಲಿದ್ದೆ. ಆ ರಾತ್ರಿ ಏನು ತಿಂದೆ, ಎಷ್ಟು ಗಂಟೆಗೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ರೇಸಿನ ಬೆಳಿಗ್ಗೆ ಸೈಕಲ್ ಕಂಪ್ಯೂಟರಿನ ಪರದೆಯಿಂದ ವೇಗ, ಸರಾಸರಿ ಎಲ್ಲ ತೆಗೆದುಬಿಟ್ಟೆ. ವ್ಯಾಟ್, ದೂರ ಎರಡೇ ಉಳಿದವು. 1989ರ ಟೂರ್ ದ ಫ್ರಾನ್ಸ್‌ನಲ್ಲಿ ವರ್ಸೈನಿಂದ ಪ್ಯಾರಿಸ್‌ವರೆಗಿನ ಕೊನೆಯ ಟಿಟಿಯಲ್ಲಿ ಗ್ರೆಗ್ ಲೆಮಾಂಡ್ ತನಗೆ ಸ್ಪ್ಲಿಟ್, ಅಂದರೆ ನಡುದಾರಿಯ ಟೈಮ್, ಹೇಳಲೇಬೇಡಿ ಅಂದಿದ್ದ. ಅದೂ 24.5 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮಷ್ಟೇ ದೂರ. 50 ಸೆಕೆಂಡ್ ಹಿಂದಿದ್ದವನು ಇಡೀ ಟೂರನ್ನು 8 ಸೆಕೆಂಡಿನಿಂದ ಗೆದ್ದ. ನನ್ನ ಸರ್‌ಗೂ ಅದನ್ನೇ ಹೇಳಿದೆ: "ರಸ್ತೆ ಬಾಜೂಕ ನಿಂತು ಟೈಮ್ ಒದರಬ್ಯಾಡ್ರಿ ಸರ್."

ಮೊದಲ ನಾಲ್ಕು ನಿಮಿಷ 235. ಅದೇ ಎಲ್ಲಕ್ಕಿಂತ ಕಷ್ಟದ ಭಾಗ, ಕಾಲು ಇನ್ನೂ ಬೇಕು ಬೇಕು ಅನ್ನುತ್ತಿರುತ್ತದೆ. ನನ್ನ ನಂತರ ಒಂದು ನಿಮಿಷಕ್ಕೆ ಹೊರಟವನು ನನ್ನ ಹತ್ತಿರ ಬರುತ್ತಿದ್ದಾನೆ ಅಂತ ಯಾರೋ ಕೂಗಿದ್ದು ಕೇಳಿಸಿತು. ಆಮೇಲೆ ಯು ಟರ್ನ್‌ವರೆಗೂ ಗಾಳಿಗೆ ಎದುರಾಗಿ 258ರ ಆಸುಪಾಸು. ಹೋಗುವ 12 ಕಿಲೋಮೀಟರ್‌ಗೆ ಹತ್ತೊಂಬತ್ತೂವರೆ ನಿಮಿಷ ಹಿಡಿಯಿತು. ತಿರುಗಿದ ಮೇಲೆ 230ಕ್ಕೆ ಇಳಿಸಿ, ತಲೆ ಅಡಗಿಸಿ, ದೊಡ್ಡ ಗೇರಿನಲ್ಲಿ ಸುಮ್ಮನೆ ಕೂತೆ. ಹದಿನಾಲ್ಕನೇ ಕಿಲೋಮೀಟರಿನಲ್ಲಿ ಕಣ್ಣಿಗೆ ಬಿದ್ದ ಮುಂದಿನವನನ್ನು ಹತ್ತೊಂಬತ್ತರಲ್ಲಿ ದಾಟಿದೆ. ಕೊನೆಯ ಎರಡು ಕಿಲೋಮೀಟರ್ ನಂಬರ್ ನೋಡಲಿಲ್ಲ. ಒಟ್ಟು 35 ನಿಮಿಷ 10 ಸೆಕೆಂಡಿನ ಹತ್ತಿರ, ತಾಸಿಗೆ ಸುಮಾರು 41ರ ಸರಾಸರಿ.

ಸರ್ ಆ ದಿನ ಏನೂ ಅನ್ನಲಿಲ್ಲ. ವಾರ ಬಿಟ್ಟು ಫೋನ್ ಮಾಡಿ, "ನಮ್ಮ ಹುಡುಗರಿಗೂ ಆ ನಾಲ್ಕನೇ ದಿನದ ಟೆಸ್ಟ್ ಮಾಡಸೂಣು, ಬಾ" ಅಂದರು. ಮೊನ್ನೆ ಭಾನುವಾರ ಹೋಗಿದ್ದೆ. ಎಂಟು ಹುಡುಗರು ಮೂರು ದಿನ ಓಡಿ ಬಂದಿದ್ದರು. ಎಲ್ಲರಿಗಿಂತ ಜೋರು ಅನ್ನಿಸಿಕೊಂಡ ಹುಡುಗನ ನಂಬರ್ 30 ವ್ಯಾಟ್ ಇಳಿದಿತ್ತು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬನದು ಇಳಿದದ್ದು ಬರೀ 6. ಅವನ ಸೈಕಲ್ಲಿಗೆ ಇನ್ನೂ ಏರೋ ಬಾರ್ ಇಲ್ಲ. ನನ್ನ ಹಳೆಯದು ಮನೆಯಲ್ಲಿದೆ, ಬರುವ ವಾರ ಒಯ್ಯುತ್ತೇನೆ.