ಸ್ವಾಧೀನದ ಲೆಕ್ಕದಲ್ಲಿ ಬೀಟಾ ಯಾರದ್ದು?

ಒಂದು ಕಂಪನಿ ಇನ್ನೊಂದನ್ನು ಕೊಳ್ಳಲು ಹೊರಟಾಗ ಎಷ್ಟು ಕೊಡಬಹುದು ಎಂದು ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಎಲ್ಲರೂ ಮುಂದಿನ ವರ್ಷಗಳ ನಗದು ಹರಿವಿಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಹೆಚ್ಚು ಹೊತ್ತು ಕೂರುವುದು ಡಿಸ್ಕೌಂಟ್ ದರದ ಮೇಲೆ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ಶೇಕಡಾ ದರದ ಮೇಲೆ.

ಅದಕ್ಕೆ ನಾನು ನೆಚ್ಚಿಕೊಂಡಿರುವುದು 1964ರಲ್ಲಿ ವಿಲಿಯಂ ಶಾರ್ಪ್ ಮಂಡಿಸಿದ ಸಿಎಪಿಎಂ ಮಾದರಿ. ಅಪಾಯವಿಲ್ಲದ ಬಡ್ಡಿಯ ಮೇಲೆ ಷೇರಿನ ಬೀಟಾಕ್ಕೆ, ಅಂದರೆ ಮಾರುಕಟ್ಟೆಯೊಂದಿಗೆ ಷೇರು ಎಷ್ಟು ಏರಿಳಿಯುತ್ತದೆ ಎಂಬ ಅಳತೆಗೆ, ತಕ್ಕಷ್ಟು ಗಳಿಕೆ ಸೇರಿಸಿ ಅದು ದರ ಹೇಳುತ್ತದೆ. ಕಂಪನಿಯ ಗಾತ್ರದಂಥ ಇನ್ನಷ್ಟು ಅಂಶಗಳನ್ನು ಸೇರಿಸಿಕೊಳ್ಳುವ ಫಾಮಾ-ಫ್ರೆಂಚ್ ಮಾದರಿ ಹಿಂದಿನ ಗಳಿಕೆಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸುತ್ತದೆ, ನಿಜ. ಆದರೆ ಅದರ ಒಂದೊಂದು ಅಂಶಕ್ಕೂ ಮುಂದೆ ಎಷ್ಟು ಹೆಚ್ಚುವರಿ ಗಳಿಕೆ ಎಂದು ಬೋರ್ಡಿನವರು ಕೇಳಿದರೆ ಉತ್ತರಿಸುವುದು ಕಷ್ಟ.

ಗುರಿ ಕಂಪನಿಯ, ಅಂದರೆ ಮಾರಾಟವಾಗಲಿರುವ ಕಂಪನಿಯ, ಬೀಟಾ ತೆಗೆಯುವಾಗ ಮೊದಲು ದಿನಾಂಕ ನೋಡುತ್ತೇನೆ. ನಗದು ಆಫರ್ ಘೋಷಣೆಯಾದ ಮೇಲೆ ಷೇರು ಆ ಬೆಲೆಗೇ ಅಂಟಿಕೊಂಡು ಕೂರುತ್ತದೆ. ಮಾರುಕಟ್ಟೆ ಎದ್ದರೂ ಬಿದ್ದರೂ ಹೆಚ್ಚು ಅಲುಗಾಡುವುದಿಲ್ಲ. ಆ ದಿನಗಳನ್ನು ಸೇರಿಸಿದರೆ ಬೀಟಾ ಸೊನ್ನೆಯತ್ತ ಜಾರುತ್ತದೆ. ಹಾಗಾಗಿ ಸುದ್ದಿ ಸೋರುವ ಮುಂಚಿನ ದಿನಕ್ಕೇ ದತ್ತಾಂಶ ನಿಲ್ಲಿಸುತ್ತೇನೆ. ವಹಿವಾಟೇ ಕಡಿಮೆಯಿರುವ ಷೇರಾದರೆ ಅದೇ ವ್ಯವಹಾರದ ಬೇರೆ ಕಂಪನಿಗಳ ಬೀಟಾ ಹಿಡಿದು, ಸಾಲದ ಪ್ರಭಾವ ಕಳೆಯುತ್ತೇನೆ. ಅವುಗಳ ಬೀಟಾ 1.4, ಸಾಲ ಈಕ್ವಿಟಿಯ (ಷೇರುದಾರರ ಬಂಡವಾಳದ) ಅರ್ಧ, ತೆರಿಗೆ ಶೇ 25 ಎನ್ನಿ. ತೆರಿಗೆ ಕಳೆದರೆ ಸಾಲದ ತೂಕ 0.5ರ ಶೇ 75, ಅಂದರೆ 0.375. ಅದಕ್ಕೆ 1 ಸೇರಿಸಿ, 1.4ನ್ನು 1.375ರಿಂದ ಭಾಗಿಸಿದರೆ 1.02. ಗುರಿ ಕಂಪನಿಯ ಸಾಲ ಈಕ್ವಿಟಿಯ ಶೇ 20 ಇದ್ದರೆ ಮತ್ತೆ 1.15ರಿಂದ ಗುಣಿಸಿ, 1.17.

ಜಗಳ ಶುರುವಾಗುವುದು ಇದರ ನಂತರ. ‘ನಮಗೆ ಶೇ 9ಕ್ಕೇ ಬಂಡವಾಳ ಸಿಗುತ್ತದಲ್ಲ, ನೀವು ಶೇ 12 ಯಾಕೆ ಹಾಕಿದ್ದೀರಿ?’ ಎನ್ನುತ್ತಾರೆ ಕೊಳ್ಳುವ ಕಡೆಯ ಹಣಕಾಸು ಮುಖ್ಯಸ್ಥರು. ಆಗ ಒಂದು ಸಾಲಿನ ಲೆಕ್ಕ ಬರೆದು ತೋರಿಸುತ್ತೇನೆ. ಬರುವ ವರ್ಷ 100 ಕೋಟಿ ನಗದು, ಆಮೇಲೆ ಸದಾ ಶೇ 5 ಬೆಳವಣಿಗೆ. ದರದಿಂದ ಬೆಳವಣಿಗೆ ಕಳೆದು, ಉಳಿದದ್ದರಿಂದ ನಗದನ್ನು ಭಾಗಿಸಿದರೆ, ಶೇ 12ರಲ್ಲಿ ಇದರ ಮೌಲ್ಯ ಸುಮಾರು 1,429 ಕೋಟಿ, ಶೇ 9ರಲ್ಲಿ 2,500 ಕೋಟಿ. ಗುರಿ ಕಂಪನಿಯಲ್ಲಿ ಒಂದು ಕುರ್ಚಿಯೂ ಕದಲಿಲ್ಲ, ಮಾರುವವರ ಜೇಬಿಗೆ ಮಾತ್ರ 1,071 ಕೋಟಿ ಹೆಚ್ಚು ಹೋಯಿತು. ಅಪಾಯವಿರುವುದು ಕೊಳ್ಳಲಿರುವ ವ್ಯವಹಾರದಲ್ಲಿ. ದರವೂ ಅದರದ್ದೇ ಆಗಬೇಕು. ಇಲ್ಲದಿದ್ದರೆ ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ, ಖರ್ಚಾಗುವುದು ಷೇರುದಾರರ ಹಣ.

ಸಿನರ್ಜಿಗೆ, ಅಂದರೆ ಎರಡು ಕಂಪನಿ ಸೇರಿದ್ದರಿಂದ ಸಿಗುವ ಹೆಚ್ಚುವರಿ ಲಾಭಕ್ಕೆ, ಬೇರೆ ಹಾಳೆ. ವೆಚ್ಚದ ಉಳಿತಾಯ ಒಂದು ಕಡೆ, ಮಾರಾಟ ಹೆಚ್ಚುತ್ತದೆ ಎಂಬ ಆಸೆ ಇನ್ನೊಂದು ಕಡೆ. ಆಸೆಗೆ ಡಿಸ್ಕೌಂಟ್ ದರವೂ ಜಾಸ್ತಿ. ಮಾರುಕಟ್ಟೆ ಬೆಲೆಯ ಮೇಲೆ ಕೊಡುವ ಪ್ರೀಮಿಯಂ ಎಷ್ಟೇ ಇರಲಿ, ಇವೆರಡರ ಮೊತ್ತ ದಾಟಬಾರದು.

ಬಿಡ್ಡಿಂಗ್ ಬಿಸಿಯೇರುವ ಮುಂಚೆಯೇ ಗರಿಷ್ಠ ಬೆಲೆ ಬರೆದು ಬೋರ್ಡಿಗೆ ಕೊಟ್ಟುಬಿಡುತ್ತೇನೆ. ಎದುರಾಳಿ ಬೆಲೆ ಏರಿಸಿದ ಮೇಲೆ ‘ಡಿಸ್ಕೌಂಟ್ ದರ ಸ್ವಲ್ಪ ಇಳಿಸೋಕಾಗುತ್ತಾ?’ ಎಂದು ಫೋನ್ ಬಂದರೆ, ಬೀಟಾದಲ್ಲೋ ಬಡ್ಡಿಯಲ್ಲೋ ನಿನ್ನೆಯಿಂದ ಬದಲಾಗಿದ್ದೇನು ಎಂದು ಕೇಳುತ್ತೇನೆ.